ಮದ್ಯಸಾರ ಮತ್ತು ನಿರ್ಜಲೀಕರಣ

ನಿರ್ಜಲೀಕರಣವೆಂದರೆ ಒಂದು ಅಣುವಿನಿಂದ, ಒಂದು ದ್ರವದಿಂದ, ಒಂದು ಅಂಗಾಂಶದಿಂದ ಅಥವಾ ಒಂದು ಜೀವಂತ ಶರೀರದಿಂದ ನೀರು ಬೇರ್ಪಟ್ಟು ಹೊರಹೋಗುವ ಕ್ರಿಯೆ. ಮದ್ಯಸಾರವು ಈ ನಾಲ್ಕು ಸಂದರ್ಭಗಳಲ್ಲಿಯೂ, ಕೆಲವೆಡೆ ನೀರನ್ನು ಕಳೆದುಕೊಳ್ಳುವ ವಸ್ತುವಾಗಿ, ಕೆಲವೆಡೆ ನೀರನ್ನು ಕಳೆಯಿಸುವ ವಸ್ತುವಾಗಿ ಭಾಗವಹಿಸುತ್ತದೆ. ಹೆಸರು ಒಂದೇ ಆದರೂ ಈ ನಾಲ್ಕರ ಕಾರಣಗಳು ಬೇರೆಬೇರೆ. ಗಂಧಕಾಮ್ಲದ ಸಮ್ಮುಖದಲ್ಲಿ ಮದ್ಯಸಾರದ ಅಣು ನೀರನ್ನು ಬಿಟ್ಟುಕೊಡುವುದಕ್ಕೂ, ಮದ್ಯವನ್ನು ಕುಡಿದವನು ಮಾರನೆಯ ಬೆಳಗ್ಗೆ ಬಾಯಾರಿ ಏಳುವುದಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ.

ಪರಿಭಾಷೆ

ಏಕಬಂಧಗಳನ್ನಷ್ಟೇ ಉಳ್ಳ ಇಂಗಾಲದ ಪರಮಾಣುವಿಗೆ ಹೈಡ್ರಾಕ್ಸಿಲ್ ಗುಂಪು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕದ ಜೋಡಿ, ಅಂಟಿಕೊಂಡಿರುವ ಸಾವಯವ ಸಂಯುಕ್ತಗಳಿಗೆಲ್ಲ ಆಲ್ಕೊಹಾಲುಗಳೆಂದು ಹೆಸರು. ಇವುಗಳಲ್ಲಿ ಎರಡು ಇಂಗಾಲಗಳುಳ್ಳ ಈಥೈಲ್ ಆಲ್ಕೊಹಾಲನ್ನು, ಎಂದರೆ ಹುಳಿಸಿದ ಪಾನೀಯಗಳಲ್ಲಿ ಅಮಲನ್ನುಂಟುಮಾಡುವ ಎಥನಾಲನ್ನು, ಈ ಲೇಖನದಲ್ಲಿ ಮದ್ಯಸಾರವೆಂದು ಕರೆಯಲಾಗಿದೆ. ವರ್ಗವನ್ನು ಕುರಿತು ಹೇಳುವಾಗ ಆಲ್ಕೊಹಾಲು ಎಂಬ ಮಾತನ್ನೇ ಬಳಸಲಾಗಿದೆ. ನೀರಿನ ಅಂಶವನ್ನು ಸಂಪೂರ್ಣವಾಗಿ ನೀಗಿಸಿದ ಮದ್ಯಸಾರವೇ ನಿರ್ಜಲ ಮದ್ಯಸಾರ.

ನಿರ್ಜಲೀಕರಣವನ್ನು ಡೀಹೈಡ್ರೊಜನೀಕರಣದೊಡನೆ ಬೆರೆಸಬಾರದು. ಮೊದಲನೆಯದರಲ್ಲಿ ಅಣುವು ನೀರನ್ನು ಕಳೆದುಕೊಂಡರೆ ಎರಡನೆಯದರಲ್ಲಿ ಜಲಜನಕವನ್ನು ಮಾತ್ರ ಕಳೆದುಕೊಳ್ಳುತ್ತದೆ. ಯಕೃತ್ತಿನಲ್ಲಿ ಮದ್ಯಸಾರಕ್ಕೆ ಒದಗುವುದು ಈ ಎರಡನೆಯ ಗತಿ. ಅಲ್ಲಿ ಆಲ್ಕೊಹಾಲ್ ಡೀಹೈಡ್ರೊಜನೇಸ್ ಎಂಬ ಕಿಣ್ವವು ಅದನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುವುದೇ ಹೊರತು ಅದರಿಂದ ನೀರನ್ನು ತೆಗೆದು ಎಥಿಲೀನನ್ನು ಉಂಟುಮಾಡುವುದಿಲ್ಲ. ಈ ಕಿಣ್ವಕ್ಕೂ, ಮೂತ್ರವನ್ನು ತಡೆಯುವ ಹಾರ್ಮೋನಿಗೂ ವೈದ್ಯಗ್ರಂಥಗಳಲ್ಲಿ ಎಡಿಎಚ್ ಎಂಬ ಒಂದೇ ಸಂಕ್ಷೇಪ ರೂಢಿಯಲ್ಲಿರುವುದು ವಿದ್ಯಾರ್ಥಿಗಳ ದುರದೃಷ್ಟ.

ಇತಿಹಾಸ

ಮದ್ಯಪಾನಕ್ಕೂ ಬಾಯಾರಿಕೆಗೂ ಇರುವ ನಂಟನ್ನು ವೈದ್ಯರು ಪ್ರಾಚೀನಕಾಲದಿಂದಲೇ ಗುರುತಿಸಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಮದಾತ್ಯಯವೆಂಬ ರೋಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅದರ ಪಿತ್ತಪ್ರಧಾನ ಭೇದದ ಲಕ್ಷಣಗಳಲ್ಲಿ ತೃಷ್ಣೆಯನ್ನೂ ದಾಹವನ್ನೂ ಎಣಿಸುತ್ತದೆ. ಮದ್ಯವು ಮೂತ್ರವನ್ನು ಹೆಚ್ಚಿಸುವುದೆಂಬುದು ಲೋಕಾನುಭವಕ್ಕೆ ಎಷ್ಟು ಪರಿಚಿತವಾಗಿತ್ತೆಂದರೆ, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ದ್ವಾರಪಾಲಕನು ಕುಡಿತವು ಪ್ರಚೋದಿಸುವ ಮೂರು ಸಂಗತಿಗಳಲ್ಲಿ ಅದನ್ನೂ ಒಂದಾಗಿ ಹೇಳುತ್ತಾನೆ.

ರಾಸಾಯನಿಕ ನಿರ್ಜಲೀಕರಣದ ಇತಿಹಾಸವು 16ನೆಯ ಶತಮಾನದ ಜರ್ಮನಿಯಲ್ಲಿ ಆರಂಭವಾಗುತ್ತದೆ. 1540ರ ಸುಮಾರಿಗೆ ವಲೇರಿಯಸ್ ಕಾರ್ಡಸ್ ಎಂಬ ವೈದ್ಯರು ಮದ್ಯಸಾರವನ್ನು ಗಂಧಕಾಮ್ಲದೊಡನೆ ಕಾಯಿಸಿ ಬಟ್ಟಿಯಿಳಿಸಿ, ಸುಗಂಧಯುಕ್ತವೂ ಅತಿಚಂಚಲವೂ ಆದ ಒಂದು ದ್ರವವನ್ನು ಪಡೆಯುವ ವಿಧಾನವನ್ನು ವಿವರಿಸಿದರು. ಅದಕ್ಕೆ ಈಥರ್ ಎಂಬ ಹೆಸರು ಬಂದುದು 1730ರ ಸುಮಾರಿಗೆ, ಫ್ರೋಬೇನಿಯಸ್‌ರಿಂದ. ಅದರಲ್ಲಿ ಗಂಧಕದ ಲೇಶವೂ ಇಲ್ಲದಿದ್ದರೂ, ಹುಟ್ಟಿಗೆ ಗಂಧಕಾಮ್ಲ ಕಾರಣವಾದುದರಿಂದ, ದೀರ್ಘಕಾಲ ಅದನ್ನು ಗಂಧಕದ ಈಥರ್ ಎಂದೇ ಕರೆಯುತ್ತಿದ್ದರು. 1795ರಲ್ಲಿ ಡೈಮಾನ್, ಟ್ರೂಸ್ಟ್‌ವೈಕ್ ಮೊದಲಾದ ನಾಲ್ವರು ಡಚ್ ವಿಜ್ಞಾನಿಗಳು ಇದೇ ಎರಡು ದ್ರವಗಳಿಂದ ಎಥಿಲೀನ್ ಅನಿಲವನ್ನು ಪಡೆದು, ಅದು ಕ್ಲೋರಿನ್ನಿನೊಡನೆ ಸೇರಿ ಎಣ್ಣೆಯಂಥ ದ್ರವವನ್ನು ಕೊಡುವುದೆಂದು ತೋರಿಸಿದರು.

ಗಂಧಕಾಮ್ಲವು ಇಲ್ಲಿ ನಿಜವಾಗಿ ಏನು ಮಾಡುತ್ತದೆಂಬ ವಿಷಯದಲ್ಲಿ ಅರ್ಧ ಶತಮಾನ ವಾದವಿವಾದ ನಡೆಯಿತು. ನೀರಿನ ಮೇಲೆ ಆಮ್ಲಕ್ಕಿರುವ ಪ್ರಬಲ ಆಕರ್ಷಣೆಯಿಂದ ಅದು ಮದ್ಯಸಾರದ ನೀರನ್ನು ಕಸಿದುಕೊಳ್ಳುತ್ತದೆಂದು 1797ರಲ್ಲಿ ಫ್ರಾನ್ಸಿನ ಫೂರ್‌ಕ್ರುವಾ ಮತ್ತು ವೋಕ್ಲಾಂ ಪ್ರತಿಪಾದಿಸಿದರು. ಆದರೆ ಈಥರಿನ ಜೊತೆಗೆ ನೀರೂ ಬಟ್ಟಿಯಿಳಿದು ಬರುವುದೆಂಬ ಸರಳವಾದ ಪ್ರತ್ಯಕ್ಷ ಸಂಗತಿಯನ್ನು ಈ ವಾದ ವಿವರಿಸಲಾರದೆ ಹೋಯಿತು. ಕಸಿದುಕೊಂಡ ನೀರನ್ನು ಆಮ್ಲವು ಕೂಡಲೇ ಬಿಟ್ಟುಕೊಡುವುದಾದರೆ ಆಕರ್ಷಣೆಯ ಮಾತಿಗೆ ಅರ್ಥವಿರದು. 1850ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ವಿಲಿಯಂಸನ್ ಈ ತೊಡಕನ್ನು ಬಿಡಿಸಿದರು. ಮದ್ಯಸಾರವು ಮೊದಲು ಆಮ್ಲದೊಡನೆ ಸೇರಿ ಈಥೈಲ್ ಗಂಧಕಾಮ್ಲವಾಗುತ್ತದೆಂದೂ, ಅದು ಮದ್ಯಸಾರದ ಮತ್ತೊಂದು ಅಣುವನ್ನು ಸಂಧಿಸಿದಾಗ ಈಥರ್ ಹುಟ್ಟಿ ಆಮ್ಲವು ಮರಳಿ ಮೊದಲಿನಂತಾಗುತ್ತದೆಂದೂ ಅವರು ಸಾಧಿಸಿ ತೋರಿಸಿದರು. ಆಮ್ಲವು ಕ್ರಿಯೆಯಲ್ಲಿ ಪಾಲ್ಗೊಂಡು, ಮರಳಿ ಹುಟ್ಟಿ, ಮತ್ತೆ ಪಾಲ್ಗೊಳ್ಳುವುದೆಂಬ ಈ ಚಿತ್ರವು ಕ್ರಿಯಾವರ್ಧಕಗಳ ಅಧ್ಯಯನಕ್ಕೆ ತಳಹದಿಗಳಲ್ಲೊಂದಾಯಿತು.

ಅಣುವಿನ ನಿರ್ಜಲೀಕರಣ

ಹೈಡ್ರಾಕ್ಸಿಲ್ ಗುಂಪು ತಾನಾಗಿಯೇ ಅಣುವನ್ನು ಬಿಟ್ಟುಹೋಗುವ ಸ್ವಭಾವದ್ದಲ್ಲ. ಆಮ್ಲವು ಅದಕ್ಕೆ ಒಂದು ಪ್ರೋಟಾನನ್ನು ಒದಗಿಸಿದಾಗ ಅದು ನೀರಿನ ರೂಪವನ್ನು ತಳೆದು ಸುಲಭವಾಗಿ ಕಳಚಿಕೊಳ್ಳುತ್ತದೆ. ಪಕ್ಕದ ಇಂಗಾಲವು ಒಂದು ಪ್ರೋಟಾನನ್ನು ಬಿಟ್ಟುಕೊಟ್ಟು, ಎರಡು ಇಂಗಾಲಗಳ ನಡುವೆ ದ್ವಿಬಂಧ ಏರ್ಪಡುತ್ತದೆ. ಹೀಗೆ ಒಂದೇ ಅಣುವಿನೊಳಗಿನಿಂದ ನೀರು ಹೋದರೆ ಎಥಿಲೀನಿನಂಥ ಆಲ್ಕೀನುಗಳೂ, ಎರಡು ಅಣುಗಳ ನಡುವಿನಿಂದ ಒಂದು ಅಣು ನೀರು ಹೋದರೆ ಈಥರುಗಳೂ ಉಂಟಾಗುತ್ತವೆ. ಯಾವುದು ಮೇಲುಗೈ ಪಡೆಯುವುದೆಂಬುದನ್ನು ಮುಖ್ಯವಾಗಿ ಉಷ್ಣತೆ ನಿರ್ಣಯಿಸುತ್ತದೆ. ಪ್ರಬಲ ಗಂಧಕಾಮ್ಲದೊಡನೆ ಮದ್ಯಸಾರವನ್ನು ಸುಮಾರು 140° ಸೆಂ.ನಲ್ಲಿ ಇರಿಸಿ ಮದ್ಯಸಾರವನ್ನು ಮೇಲಿಂದ ಮೇಲೆ ಸುರಿಯುತ್ತಿದ್ದರೆ ಈಥರೂ, 170° ಸೆಂ.ಗೆ ಏರಿಸಿದರೆ ಎಥಿಲೀನೂ ಪ್ರಧಾನವಾಗಿ ದೊರೆಯುತ್ತವೆ; ಎಥಿಲೀನಿನ ಉತ್ಪತ್ತಿಯು ಉಷ್ಣವನ್ನು ಹೀರುವ ಕ್ರಿಯೆಯಾದುದರಿಂದ ಹೆಚ್ಚಿನ ಉಷ್ಣತೆ ಅದಕ್ಕೆ ಅನುಕೂಲ. ಒಂದೇ ಇಂಗಾಲವುಳ್ಳ ಮೆಥೈಲ್ ಆಲ್ಕೊಹಾಲಿಗೆ ದ್ವಿಬಂಧ ಕಟ್ಟಲು ನೆರೆಯ ಇಂಗಾಲವಿಲ್ಲ. ಅದರಿಂದ ನೇರವಾಗಿ ದೊರೆಯುವುದು ಈಥರ್ ಮಾತ್ರ.

ಹೈಡ್ರಾಕ್ಸಿಲ್ ಗುಂಪನ್ನು ಹೊತ್ತ ಇಂಗಾಲಕ್ಕೆ ಎಷ್ಟು ಬೇರೆ ಇಂಗಾಲಗಳು ಅಂಟಿಕೊಂಡಿವೆಯೋ ಅದನ್ನನುಸರಿಸಿ ಆಲ್ಕೊಹಾಲುಗಳನ್ನು ಪ್ರಾಥಮಿಕ, ದ್ವಿತೀಯಕ, ತೃತೀಯಕಗಳೆಂದು ವಿಭಾಗಿಸುತ್ತಾರೆ. ತೃತೀಯಕ ಬ್ಯೂಟೈಲ್ ಆಲ್ಕೊಹಾಲು ಶೇ. 20ರ ಗಂಧಕಾಮ್ಲದಲ್ಲಿ ಸುಮಾರು 85° ಸೆಂ.ನಲ್ಲಿಯೇ ನೀರನ್ನು ತೊರೆಯುತ್ತದೆ. ಪ್ರಾಥಮಿಕವಾದ ಮದ್ಯಸಾರಕ್ಕೆ ಶೇ. 95ರ ಆಮ್ಲವೂ 170° ಉಷ್ಣತೆಯೂ ಬೇಕು. ಈ ಅಂತರಕ್ಕೆ ಕಾರಣ ಮಧ್ಯೆ ಹುಟ್ಟುವ ಧನಾವೇಶಯುಕ್ತ ಇಂಗಾಲದ ಅಯಾನು: ನೆರೆಯ ಇಂಗಾಲಗಳು ಹೆಚ್ಚಿದಷ್ಟೂ ಅದರ ಆವೇಶ ಹಂಚಿಹೋಗಿ ಅದು ಸ್ಥಿರವಾಗುತ್ತದೆ. ಪ್ರಾಥಮಿಕ ಆಲ್ಕೊಹಾಲುಗಳಲ್ಲಿ ಇಂಥ ಅಯಾನು ನಿಲ್ಲಲಾರದಾದುದರಿಂದ ನೀರು ಹೊರಡುವುದೂ ಪ್ರೋಟಾನು ಹೊರಡುವುದೂ ಒಂದೇ ಹೆಜ್ಜೆಯಲ್ಲಿ ಜರುಗುತ್ತವೆ. ಅಯಾನು ಹುಟ್ಟುವ ಕಡೆಗಳಲ್ಲಿ ಇಂಗಾಲಗಳು ಸ್ಥಾನಪಲ್ಲಟ ಹೊಂದಿ, ನಿರೀಕ್ಷಿಸಿದ ಆಲ್ಕೀನಿನ ಬದಲು ಬೇರೊಂದು ದೊರೆಯುವುದೂ ಉಂಟು. ದ್ವಿಬಂಧವು ಎರಡು ಸ್ಥಾನಗಳಲ್ಲಿ ಏರ್ಪಡಬಹುದಾದಾಗ, ಹೆಚ್ಚು ಇಂಗಾಲಗಳು ಸುತ್ತುವರಿದಿರುವ ಸ್ಥಾನವೇ ಸಾಮಾನ್ಯವಾಗಿ ಗೆಲ್ಲುತ್ತದೆ. ರಷ್ಯದ ಕಜಾನಿನ ಅಲೆಕ್ಸಾಂಡರ್ ಜೈತ್ಸೆಫ್ 1875ರಲ್ಲಿ ನಿರೂಪಿಸಿದ ನಿಯಮ ಇದೇ.

ಗಂಧಕಾಮ್ಲವು ಸಾವಯವ ವಸ್ತುವನ್ನು ಕರಿಕಾಗಿಸಿ ಕೆಡಿಸುವ ದೋಷವುಳ್ಳದ್ದು. ಸಕ್ಕರೆಯ ಮೇಲೆ ಅದನ್ನು ಸುರಿದಾಗ ಉಬ್ಬಿ ಮೇಲೇಳುವ ಕಪ್ಪು ಇಂಗಾಲವು, ಹಲವು ಹೈಡ್ರಾಕ್ಸಿಲ್ ಗುಂಪುಗಳುಳ್ಳ ಅಣುವೊಂದು ಮಿತಿಮೀರಿ ನಿರ್ಜಲೀಕರಣ ಹೊಂದಿದುದರ ಫಲ. ಆದುದರಿಂದ ಕಾರ್ಖಾನೆಗಳು ರಷ್ಯದ ಇಪಾಟಿಯೆಫ್ 20ನೆಯ ಶತಮಾನದ ಆದಿಯಲ್ಲಿ ತೋರಿಸಿಕೊಟ್ಟ ಮಾರ್ಗವನ್ನು ಹಿಡಿದವು: ಮದ್ಯಸಾರದ ಆವಿಯನ್ನು ಸುಮಾರು 350° ಸೆಂ.ನಷ್ಟು ಕಾದ ಅಲ್ಯೂಮಿನದ ಮೇಲೆ ಹಾಯಿಸಿದರೆ ಎಥಿಲೀನು ಶುದ್ಧವಾಗಿ ದೊರೆಯುತ್ತದೆ.

ಜೀವಕೋಶಗಳಲ್ಲಿಯೂ ಹೈಡ್ರಾಕ್ಸಿಲ್ ಗುಂಪುಳ್ಳ ಅಣುಗಳ ನಿರ್ಜಲೀಕರಣ ನಡೆಯುತ್ತದೆ, ಆದರೆ ಅದಕ್ಕೆ ಕಾದ ಆಮ್ಲ ಬೇಕಿಲ್ಲ. ಗ್ಲೂಕೋಸಿನ ವಿಘಟನೆಯಲ್ಲಿ ಎನೊಲೇಸ್ ಎಂಬ ಕಿಣ್ವವು ಫಾಸ್ಫೊಗ್ಲಿಸರಿಕ್ ಆಮ್ಲದಿಂದ ಒಂದು ಅಣು ನೀರನ್ನು ತೆಗೆಯುವುದು ಇದಕ್ಕೆ ಉದಾಹರಣೆ.

ಉಪಯೋಗಗಳು

ಈಥರಿನ ಕೀರ್ತಿ 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಶಸ್ತ್ರಚಿಕಿತ್ಸೆಗೆ ಅದನ್ನು ಅರಿವಳಿಕೆಯಾಗಿ ಬಳಸಿ ತೋರಿಸಿದಂದಿನಿಂದ ಲೋಕವ್ಯಾಪಿಯಾಯಿತು. ಸೋವಿಯತ್ ರಷ್ಯದಲ್ಲಿ ಸೆರ್ಗೆಯ್ ಲೆಬೆಡೆಫ್ ರೂಪಿಸಿದ ವಿಧಾನದಲ್ಲಿ ಮದ್ಯಸಾರವು ಏಕಕಾಲದಲ್ಲಿ ನೀರನ್ನೂ ಜಲಜನಕವನ್ನೂ ಕಳೆದುಕೊಂಡು ಬ್ಯೂಟಡೈಯೀನ್ ಆಗಿ, ಅದರಿಂದ ಕೃತಕ ರಬ್ಬರು ತಯಾರಾಯಿತು. ಪೆಟ್ರೋಲಿಯಂ ವಿರಳವಾಗಿದ್ದು ಕಾಕಂಬಿ ಹೇರಳವಾಗಿದ್ದ ಭಾರತದಲ್ಲಿ ಈ ಮಾರ್ಗಗಳಿಗೆ ವಿಶೇಷ ಪ್ರಾಶಸ್ತ್ಯ ದೊರೆಯಿತು. ಬಂಗಾಳದ ರಿಶ್ರಾದಲ್ಲಿ 1959ರಲ್ಲಿ ಆರಂಭವಾದ, ಎಥಿಲೀನಿನಿಂದ ಪಾಲಿಥೀನ್ ತಯಾರಿಸುವ ಕಾರ್ಖಾನೆಯೂ, 1963ರಲ್ಲಿ ಬರೇಲಿಯಲ್ಲಿ ತಲೆಯೆತ್ತಿದ ಕೃತಕ ರಬ್ಬರಿನ ಕಾರ್ಖಾನೆಯೂ ಮದ್ಯಸಾರವನ್ನೇ ಮೂಲವಸ್ತುವಾಗಿ ಅವಲಂಬಿಸಿದ್ದವು.

ನಿರ್ಜಲ ಮದ್ಯಸಾರ

ಮದ್ಯಸಾರದೊಳಗೆ ಬೆರೆತಿರುವ ನೀರನ್ನು ತೆಗೆಯುವುದು ಬೇರೆಯೇ ಆದ ಸಮಸ್ಯೆ. ಇಲ್ಲಿ ಅಣು ಒಡೆಯುವುದಿಲ್ಲ. ಒಂದರೊಡನೊಂದು ಗಾಢವಾಗಿ ಬೆರೆತ ಎರಡು ದ್ರವಗಳನ್ನು ಅಗಲಿಸಬೇಕಾಗುತ್ತದೆ. ಆ ಬೆರಕೆ ಎಷ್ಟು ನಿಕಟವಾದುದೆಂದರೆ 50 ಮಿಲಿಲೀಟರ್ ಮದ್ಯಸಾರಕ್ಕೆ 50 ಮಿಲಿಲೀಟರ್ ನೀರನ್ನು ಸೇರಿಸಿದಾಗ ಒಟ್ಟು ಗಾತ್ರ 100ರ ಬದಲು ಸುಮಾರು 96ರಿಂದ 97 ಮಿಲಿಲೀಟರ್ ಮಾತ್ರವಾಗುತ್ತದೆ. ಮೂಲವಸ್ತುಗಳ ಆವರ್ತಕೋಷ್ಟಕಕ್ಕಾಗಿ ಖ್ಯಾತರಾದ ಮೆಂಡಲೀಫರು 1865ರಲ್ಲಿ ಡಾಕ್ಟರೇಟಿಗಾಗಿ ಬರೆದ ಪ್ರಬಂಧದ ವಿಷಯವು ಮದ್ಯಸಾರ ಮತ್ತು ನೀರಿನ ಈ ಸಂಯೋಗವೇ ಆಗಿತ್ತು.

ಹುಳಿಸಿದ ದ್ರವವನ್ನು ಎಷ್ಟು ಬಾರಿ ಬಟ್ಟಿಯಿಳಿಸಿದರೂ ತೂಕದಲ್ಲಿ ಶೇ. 95.6ಕ್ಕಿಂತ ಪ್ರಬಲವಾದ ಮದ್ಯಸಾರ ದೊರೆಯುವುದಿಲ್ಲ. ಏಕೆಂದರೆ ಆ ಪ್ರಮಾಣದ ಮಿಶ್ರಣವು ಶುದ್ಧ ಮದ್ಯಸಾರಕ್ಕಿಂತ ತುಸು ಕಡಿಮೆ ಉಷ್ಣತೆಯಲ್ಲಿ, ಸುಮಾರು 78.2° ಸೆಂ.ನಲ್ಲಿ, ತನ್ನ ಪ್ರಮಾಣವನ್ನು ಬದಲಿಸದೆಯೇ ಕುದಿದು ಆವಿಯಾಗುತ್ತದೆ. ರೆಕ್ಟಿಫೈಡ್ ಸ್ಪಿರಿಟ್ ಎಂದು ವ್ಯವಹಾರದಲ್ಲಿ ಹೆಸರಾದುದು ಹೆಚ್ಚುಕಡಿಮೆ ಈ ಮಟ್ಟದ ಮಿಶ್ರಣ. ಉಳಿದ ನೀರನ್ನು ತೆಗೆಯುವುದಕ್ಕೆ ಬಟ್ಟಿಯ ಹೊರತಾದ ಉಪಾಯ ಬೇಕು. ಸೇಂಟ್ ಪೀಟರ್ಸ್‌ಬರ್ಗಿನ ಲೋವಿಟ್ಸ್ 1796ರಲ್ಲಿ ನಿರ್ಜಲ ಮದ್ಯಸಾರವನ್ನು ಪಡೆದರು. ಪ್ರಯೋಗಶಾಲೆಗಳಲ್ಲಿ ಸುಟ್ಟಸುಣ್ಣವು ಬಹುಕಾಲ ಈ ಕೆಲಸಕ್ಕೆ ಒದಗಿತು. 1902ರಲ್ಲಿ ಸಿಡ್ನಿ ಯಂಗ್ ಎಂಬ ಆಂಗ್ಲ ವಿಜ್ಞಾನಿ ಬೆನ್ಜೀನನ್ನು ಸೇರಿಸಿದರೆ ಮೂರು ದ್ರವಗಳ ಮಿಶ್ರಣವೊಂದು ಸುಮಾರು 65° ಸೆಂ.ನಲ್ಲಿ ನೀರನ್ನು ಹೊತ್ತುಕೊಂಡು ಮೊದಲೇ ಹೊರಟುಹೋಗಿ, ಕೊನೆಗೆ ನಿರ್ಜಲ ಮದ್ಯಸಾರ ಉಳಿಯುವುದೆಂದು ತೋರಿಸಿಕೊಟ್ಟುದು ಕಾರ್ಖಾನೆಗಳ ಮಟ್ಟಿಗೆ ದೊಡ್ಡ ಉಪಕಾರ. ಬೆನ್ಜೀನು ಅರ್ಬುದಕಾರಿಯೆಂದು ಸಿದ್ಧವಾದ ಮೇಲೆ ಆ ವಿಧಾನ ಹಿಂದೆ ಸರಿದು, ಈಗ ಅಣುಜರಡಿಗಳು ಬಳಕೆಗೆ ಬಂದಿವೆ. ಇವು 3 ಆಂಗ್‌ಸ್ಟ್ರಾಂ ಅಗಲದ ರಂಧ್ರಗಳುಳ್ಳ ಜಿಯೊಲೈಟ್ ಮಣಿಗಳು. ನೀರಿನ ಅಣು ಅವುಗಳೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ, ದೊಡ್ಡದಾದ ಮದ್ಯಸಾರದ ಅಣು ಹೊರಗೇ ಉಳಿಯುತ್ತದೆ.

ಪೆಟ್ರೋಲಿನೊಡನೆ ಬೆರೆಸುವುದಕ್ಕೆ ನಿರ್ಜಲ ಮದ್ಯಸಾರವೇ ಆಗಬೇಕು. ನೀರು ಹೆಚ್ಚಾಗಿದ್ದರೆ ಮಿಶ್ರಣವು ಎರಡು ಪದರಗಳಾಗಿ ಒಡೆಯುತ್ತದೆ. ಭಾರತದಲ್ಲಿ ಪವರ್ ಆಲ್ಕೊಹಾಲ್ ಎಂಬ ಹೆಸರಿನ ಇಂಧನಕ್ಕೆ ಸಂಬಂಧಿಸಿದ ಅಧಿನಿಯಮ 1948ರಷ್ಟು ಹಿಂದೆಯೇ ಬಂದಿತ್ತು. 2003ರಲ್ಲಿ ಶೇ. 5ರ ಮಿಶ್ರಣದಿಂದ ಮರಳಿ ಆರಂಭವಾದ ಯೋಜನೆ 2025ರಲ್ಲಿ ಶೇ. 20ನ್ನು ಮುಟ್ಟಿದೆ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯ ಕಾಲದಿಂದ ಕಬ್ಬಿನ ನಾಡೆನಿಸಿದ ಕರ್ನಾಟಕದಲ್ಲಿ, ಈಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಸಕ್ಕರೆ ಕಾರ್ಖಾನೆಗಳು ಇದಕ್ಕಾಗಿ ಎಥನಾಲನ್ನು ತಯಾರಿಸುತ್ತಿವೆ.

ಅಂಗಾಂಶಗಳ ನಿರ್ಜಲೀಕರಣ

ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅಂಗಾಂಶವನ್ನು ತೆಳುವಾಗಿ ಕೊಯ್ಯಬೇಕಾದರೆ ಅದಕ್ಕೆ ಪ್ಯಾರಾಫಿನ್ ಮೇಣವನ್ನು ಊಡಿಸಬೇಕು. ಮೇಣಕ್ಕೂ ನೀರಿಗೂ ಹೊಂದಿಕೆಯಿಲ್ಲವಾದುದರಿಂದ ಮೊದಲು ನೀರು ಹೊರಹೋಗಬೇಕು. ಇದಕ್ಕಾಗಿ ಅಂಗಾಂಶವನ್ನು ಶೇ. 70, 90, 100 ಹೀಗೆ ಏರುವ ಪ್ರಮಾಣದ ಮದ್ಯಸಾರಗಳಲ್ಲಿ ಕ್ರಮವಾಗಿ ಅದ್ದಿಟ್ಟು, ಅನಂತರ ಕ್ಸೈಲೀನಿಗೂ ಕೊನೆಗೆ ಕರಗಿದ ಮೇಣಕ್ಕೂ ವರ್ಗಾಯಿಸುತ್ತಾರೆ. ನೇರವಾಗಿ ನಿರ್ಜಲ ಮದ್ಯಸಾರಕ್ಕೆ ಹಾಕಿದರೆ ಅಂಗಾಂಶವು ಸುಕ್ಕುಗಟ್ಟಿ ಕೋಶಗಳ ಆಕಾರ ಕೆಡುತ್ತದೆ. ಕ್ರಿಮಿನಾಶಕವಾಗಿಯೂ ನಿರ್ಜಲ ಮದ್ಯಸಾರಕ್ಕಿಂತ ಶೇ. 70ರದೇ ಮೇಲು, ಏಕೆಂದರೆ ಪ್ರೋಟೀನುಗಳ ರಚನೆಯನ್ನು ಕೆಡಿಸುವ ಆ ಕೆಲಸಕ್ಕೆ ನೀರಿನ ಸಹಾಯ ಅವಶ್ಯಕ.

ಶರೀರದಲ್ಲಿ ನಿರ್ಜಲೀಕರಣ

ಮದ್ಯಸಾರವು ಗಾಜಿನ ಪಾತ್ರೆಯಲ್ಲಿ ಅಂಗಾಂಶದ ನೀರನ್ನು ಹೀರುವಂತೆ ಕುಡಿದವನ ದೇಹದಿಂದಲೂ ನೀರನ್ನು ಹೀರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ರಕ್ತದಲ್ಲಿ ಮದ್ಯಸಾರದ ಪ್ರಮಾಣವು ಶೇಕಡಾ ಒಂದರ ಕಿಂಚಿದ್ಭಾಗವನ್ನು ಮೀರುವುದಿಲ್ಲ. ಅಲ್ಲದೆ ಅದು ಕೋಶದ ಪೊರೆಗಳನ್ನು ಸಲೀಸಾಗಿ ದಾಟಿ ದೇಹದ ನೀರೆಲ್ಲದರಲ್ಲಿ ಸಮವಾಗಿ ಹರಡಿಕೊಳ್ಳುವುದರಿಂದ, ಪೊರೆಯ ಒಂದು ಪಕ್ಕದಲ್ಲಿ ಮಾತ್ರ ನಿಂತು ಇನ್ನೊಂದು ಪಕ್ಕದ ನೀರನ್ನು ಸೆಳೆಯುವ ಶಕ್ತಿ ಅದಕ್ಕಿಲ್ಲ. ನಷ್ಟದ ಕಾರಣವನ್ನು ಮೆದುಳಿನ ಬುಡದಲ್ಲಿ ಹುಡುಕಬೇಕು.

ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದುದೆಲ್ಲವನ್ನೂ ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಮರಳಿಕೆಯ ಕೊನೆಯ ಘಟ್ಟವು ವ್ಯಾಸೊಪ್ರೆಸಿನ್ ಎಂಬ, ಮೂತ್ರವನ್ನು ತಡೆಯುವ ಹಾರ್ಮೋನಿನ ಅಧೀನ. ಒಂಬತ್ತು ಅಮೈನೊ ಆಮ್ಲಗಳಿಂದಾದ ಇದರ ರಚನೆಯನ್ನು ನಿರ್ಧರಿಸಿ, ಇದನ್ನು ಸಂಶ್ಲೇಷಿಸಿದವರು 1955ರ ನೊಬೆಲ್ ಪಾರಿತೋಷಿಕವನ್ನು ಪಡೆದ ವಿನ್ಸೆಂಟ್ ದು ವಿನ್ಯೋ. ಹೈಪೊಥಲಾಮಸಿನ ನರಕೋಶಗಳಲ್ಲಿ ತಯಾರಾಗುವ ಈ ಹಾರ್ಮೋನು ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿಯುತ್ತದೆ. ಅದು ಮೂತ್ರಪಿಂಡದ ಸಂಗ್ರಾಹಕ ನಾಳಗಳನ್ನು ತಲುಪಿದಾಗ ಅಲ್ಲಿಯ ಕೋಶಗಳು ಅಕ್ವಾಪೊರಿನ್ ಎಂಬ ಜಲದ್ವಾರಗಳನ್ನು ತಮ್ಮ ಪೊರೆಗೆ ತಂದಿರಿಸಿ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಈ ಜಲದ್ವಾರಗಳ ವರ್ಗವನ್ನು ಕಂಡುಹಿಡಿದುದಕ್ಕಾಗಿ ಪೀಟರ್ ಏಗ್ರೆ 2003ರಲ್ಲಿ ನೊಬೆಲ್ ಪಡೆದರು. ಮದ್ಯಸಾರವು ಪಿಟ್ಯುಟರಿಯಲ್ಲಿರುವ ನರತುದಿಗಳಿಗೆ ಕ್ಯಾಲ್ಸಿಯಂ ಒಳಬರುವುದನ್ನು ಕುಂಠಿಸಿ ಹಾರ್ಮೋನಿನ ಬಿಡುಗಡೆಯನ್ನು ತಗ್ಗಿಸುತ್ತದೆ. ಹಾರ್ಮೋನು ತಗ್ಗಿದೊಡನೆ ಜಲದ್ವಾರಗಳು ಹಿಂದೆ ಸರಿದು, ಉಳಿಯಬೇಕಾಗಿದ್ದ ನೀರು ತಿಳಿಯಾದ ಮೂತ್ರವಾಗಿ ಹೊರಬೀಳುತ್ತದೆ.

ಈ ನಷ್ಟವನ್ನು ಮಾನವರಲ್ಲಿ ಅಳೆದ ಪ್ರಮುಖ ಅಧ್ಯಯನ 1942ರಲ್ಲಿ ಪ್ರಕಟವಾದ ಗ್ರೇಸ್ ಎಗಲ್ಟನ್‌ರದು. ಒಂದು ಗ್ರಾಂ ಮದ್ಯಸಾರಕ್ಕೆ ಸುಮಾರು 10 ಮಿಲಿಲೀಟರ್ ಮೂತ್ರ ಹೆಚ್ಚಾಗುವುದೆಂಬ, ಈಗಲೂ ಉದ್ಧರಿಸಲ್ಪಡುವ ಲೆಕ್ಕ ಅಲ್ಲಿಂದ ಬಂದುದು. ಮೂತ್ರವು ಹೆಚ್ಚುವುದು ರಕ್ತದಲ್ಲಿ ಮದ್ಯಸಾರದ ಮಟ್ಟ ಏರುತ್ತಿರುವ ಅವಧಿಯಲ್ಲಿಯೇ. ಮಟ್ಟವು ನಿಂತ ಮೇಲೆ ಅಥವಾ ಇಳಿಯತೊಡಗಿದ ಮೇಲೆ ಪರಿಣಾಮ ಕುಗ್ಗುತ್ತದೆ. ಮೊದಲೇ ನೀರಿನ ಕೊರತೆಯುಳ್ಳ ದೇಹದಲ್ಲಿ ಅದು ಇನ್ನೂ ಕಡಿಮೆ.

ಪಾನೀಯದ ಪ್ರಾಬಲ್ಯವು ಇಲ್ಲಿ ನಿರ್ಣಾಯಕ. ಶೇ. 5ರ ಪ್ರಾಬಲ್ಯದ 650 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 25 ಗ್ರಾಂ ಮದ್ಯಸಾರವೂ 600 ಮಿಲಿಲೀಟರಿಗೂ ಮಿಕ್ಕಿ ನೀರೂ ಇರುತ್ತವೆ. ಮೇಲಿನ ಲೆಕ್ಕದಂತೆ ಹೆಚ್ಚುವರಿ ಮೂತ್ರ 250 ಮಿಲಿಲೀಟರಿನಷ್ಟಾದುದರಿಂದ ದೇಹಕ್ಕೆ ನಷ್ಟವಿಲ್ಲ. ಭಾರತದಲ್ಲಿ ರೂಢಿಯಲ್ಲಿರುವ ಶೇ. 42.8ರ ವಿಸ್ಕಿ ಅಥವಾ ರಮ್ಮನ್ನು ನೀರು ಬೆರೆಸದೆ 60 ಮಿಲಿಲೀಟರ್ ಕುಡಿದರೆ ಒಳಹೋಗುವ ಮದ್ಯಸಾರ 20 ಗ್ರಾಂ, ನೀರು 36 ಮಿಲಿಲೀಟರಿನಷ್ಟು, ಹೆಚ್ಚುವರಿ ಮೂತ್ರವೋ 200 ಮಿಲಿಲೀಟರ್. ಒಂದು ಗ್ರಾಂ ಮದ್ಯಸಾರವು ದೇಹದಲ್ಲಿ ಸಂಪೂರ್ಣವಾಗಿ ಉತ್ಕರ್ಷಣ ಹೊಂದಿದಾಗ 1.17 ಗ್ರಾಂ ನೀರು ಹುಟ್ಟುವುದು ನಿಜವಾದರೂ, 20 ಗ್ರಾಮಿನಿಂದ ಹೀಗೆ ಬರುವ ಸುಮಾರು 23 ಮಿಲಿಲೀಟರ್ ಈ ಕೊರತೆಯನ್ನು ತುಂಬಲಾರದು. ಕಳ್ಳು, ಶೇಂದಿ, ಬಿಯರುಗಳನ್ನೂ ಸಾರಾಯಿಯನ್ನೂ ನಿರ್ಜಲೀಕರಣದ ದೃಷ್ಟಿಯಿಂದ ಒಂದೇ ಸಾಲಿನಲ್ಲಿಡುವುದು ಇದರಿಂದ ತಪ್ಪೆಂದು ವೇದ್ಯವಾಗುತ್ತದೆ. ಅಬರ್‌ಡೀನಿನ ಶಿರೆಫ್ಸ್ ಮತ್ತು ಮಾನ್ 1997ರಲ್ಲಿ, ವ್ಯಾಯಾಮದಿಂದ ಬೆವರಿ ನೀರು ಕಳೆದುಕೊಂಡವರಿಗೆ ಶೇ. 0, 1, 2, 4 ಮದ್ಯಸಾರವುಳ್ಳ ಪಾನೀಯಗಳನ್ನು ಕೊಟ್ಟು ನೋಡಿದಾಗ, ಶೇ. 4ರ ಪಾನೀಯವು ರಕ್ತದ ಗಾತ್ರದ ಚೇತರಿಕೆಯನ್ನು ತಡಮಾಡುವಂತೆ ಕಂಡಿತು.

ವಾಂತಿ, ಭೇದಿ, ಬೆವರುಗಳು ಅತಿಪಾನದಲ್ಲಿ ನಷ್ಟವನ್ನು ಇಮ್ಮಡಿಸುತ್ತವೆ. ಇವುಗಳಲ್ಲಿ ನೀರಿನೊಡನೆ ಲವಣಗಳೂ ಹೋಗುವುದರಿಂದ ಅಪಾಯ ಹೆಚ್ಚು. ಮರುದಿನದ ತಲೆಶೂಲೆ, ಓಕರಿಕೆ, ಸುಸ್ತುಗಳಿಗೆಲ್ಲ ನೀರಿನ ಕೊರತೆಯನ್ನೇ ಹೊಣೆಯಾಗಿಸುವುದು ಜನಜನಿತವಾದರೂ, ಹೊಟ್ಟೆಯ ಉರಿ, ನಿದ್ರಾಭಂಗ, ಅಸಿಟಾಲ್ಡಿಹೈಡ್, ದೇಹದಲ್ಲಿ ಉದ್ದೀಪ್ತವಾದ ಉರಿಯೂತದ ಪ್ರತಿಕ್ರಿಯೆ ಇವೆಲ್ಲ ಅದರಲ್ಲಿ ಪಾಲುಗೊಂಡಿವೆ. ನೀರು ಕುಡಿಯುವುದರಿಂದ ಬಾಯಾರಿಕೆ ಶಮನವಾಗಬಹುದು. ಉಳಿದ ಬಾಧೆ ಬಹುಪಾಲು ಹಾಗೆಯೇ ನಿಲ್ಲುತ್ತದೆ.

ದೀರ್ಘಕಾಲದ ಮದ್ಯವ್ಯಸನದಲ್ಲಿ ಚಿತ್ರವೇ ತಿರುವುಮುರುವಾಗುವುದುಂಟು. ಅನ್ನಾಹಾರವಿಲ್ಲದೆ ಬಿಯರನ್ನೇ ಲೀಟರುಗಟ್ಟಲೆ ಕುಡಿಯುವವರಲ್ಲಿ, ಮೂತ್ರದ ಮೂಲಕ ನೀರನ್ನು ಸಾಗಿಸುವುದಕ್ಕೆ ಬೇಕಾದ ಲವಣಾದಿ ದ್ರಾವ್ಯಗಳು ಸಾಲದೆ, ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯುತ್ತದೆ. ಯಕೃತ್ತು ಗಡುಸಾದವರಲ್ಲಿ ನೀರು ಉದರದಲ್ಲಿ ಸೇರಿ ಜಲೋದರವಾಗುತ್ತದೆ. ಇಂಥವರಿಗೆ ಬೇಕಾದುದು ನೀರಲ್ಲ, ವೈದ್ಯರ ನಿಗಾ.

ಚಿಕಿತ್ಸೆ ಮತ್ತು ವರ್ತಮಾನ ಸ್ಥಿತಿ

ವಾಂತಿಭೇದಿಗಳಾಗಿದ್ದಲ್ಲಿ, ಪ್ರಜ್ಞೆಯುಳ್ಳವನಿಗೆ ನೀರಿಗಿಂತಲೂ ಓಆರ್‌ಎಸ್ ದ್ರಾವಣ ಹೆಚ್ಚು ಹಿತಕರ; ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಅಂಗೀಕರಿಸಿದ ಸೂತ್ರದಂತೆ ಅದರ ಒಂದು ಲೀಟರಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸುಗಳು ತಲಾ 75 ಮಿಲಿಮೋಲ್ ಇರುತ್ತವೆ. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು. ಬಹುಕಾಲದ ವ್ಯಸನಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸನ್ನು ರಕ್ತನಾಳಕ್ಕೆ ಕೊಡುವಾಗ ಥಯಮಿನ್ ಎಂಬ ಜೀವಸತ್ವವನ್ನೂ ಕೊಡುವುದು ರೂಢಿ. ಅದರ ಕೊರತೆಯಲ್ಲಿ ಮೆದುಳಿಗೆ ಹಾನಿಯಾಗುವ ಭಯವಿದೆ.

ಕೈಗಾರಿಕೆಯಲ್ಲಿ ಅಗ್ಗದ ಪೆಟ್ರೋಲಿಯಂ ಎಥಿಲೀನಿನೆದುರು ಒಮ್ಮೆ ಸೊರಗಿದ ಮದ್ಯಸಾರದ ನಿರ್ಜಲೀಕರಣಕ್ಕೆ ಈಗ ಮತ್ತೆ ಜೀವ ಬಂದಿದೆ. ಬ್ರೆಜಿಲಿನ ಟ್ರಿಯುಂಫೊದಲ್ಲಿ ಬ್ರಾಸ್ಕೆಮ್ ಸಂಸ್ಥೆಯು 2010ರಲ್ಲಿ ವರ್ಷಕ್ಕೆ 2 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆಯೊಂದನ್ನು ಆರಂಭಿಸಿ, ಕಬ್ಬಿನ ಮದ್ಯಸಾರದಿಂದ ಎಥಿಲೀನನ್ನೂ ಅದರಿಂದ ಪಾಲಿಥೀನನ್ನೂ ತಯಾರಿಸುತ್ತಿದೆ. ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಸಂಸ್ಥೆ ಇದೇ ಮಾರ್ಗದಿಂದ ಎಥಿಲೀನ್ ಆಕ್ಸೈಡನ್ನೂ ಗ್ಲೈಕಾಲನ್ನೂ ಉತ್ಪಾದಿಸುತ್ತದೆ. 350° ಉಷ್ಣತೆಯ ಅಲ್ಯೂಮಿನಕ್ಕೆ ಬದಲಾಗಿ ಕಡಿಮೆ ಉಷ್ಣತೆಯಲ್ಲಿಯೇ ಕೆಲಸ ಮಾಡುವ ಜಿಯೊಲೈಟುಗಳನ್ನು ರೂಪಿಸುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕಾರ್ಯ. ಅವುಗಳ ರಂಧ್ರಗಳಲ್ಲಿ ಇಂಗಾಲ ಶೇಖರಗೊಂಡು ಅವು ಬೇಗನೆ ನಿಷ್ಕ್ರಿಯವಾಗುವುದೇ ಅಲ್ಲಿಯ ಮುಖ್ಯ ಅಡಚಣೆ.